ಬಿ.ಕಾಂ. ಓದಿದವರು ವೆಬ್ ಡೆವಲಪರ್ ಆಗುವುದು: ಕಲಿಯುವುದೇನು, ಬಾಗಿಲು ಎಲ್ಲಿ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಸರಕುಗಳಲ್ಲಿ ಬಹುಪಾಲು ಶೇ 5ಕ್ಕೋ ಶೇ 18ಕ್ಕೋ ಸರಿದವು. ಅಂಗಡಿಗಳಲ್ಲಿ ಹೊಸ ಬೆಲೆ ಚೀಟಿ ಅಂಟಿಸುವ ಗಡಿಬಿಡಿ ಎಲ್ಲರ ಕಣ್ಣಿಗೂ ಬಿತ್ತು. ಬಿಲ್ಲಿಂಗ್ ತಂತ್ರಾಂಶದ ಒಳಗೆ ಇದರಿಂದ ಏನಾಗುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಒಬ್ಬ ಪ್ರೋಗ್ರಾಮರ್ 12 ಎಂಬ ಅಂಕಿಯನ್ನು ಕೋಡ್‌ನ ಒಳಗೇ ಬರೆದಿಟ್ಟಿದ್ದಾನೆ ಎಂದುಕೊಳ್ಳಿ. ಈಗ ಅದನ್ನು 5 ಎಂದು ತಿದ್ದುತ್ತಾನೆ. ಹೊಸ ಬಿಲ್‌ಗಳು ಸರಿಯಾಗಿ ಬರುತ್ತವೆ. ಆದರೆ ಆಗಸ್ಟ್‌ನಲ್ಲಿ ಮಾರಿದ ಸರಕು ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಅದರ ಕ್ರೆಡಿಟ್ ನೋಟ್ (ವಾಪಸಾದ ಸರಕಿನ ಮೊತ್ತವನ್ನು ಖರೀದಿದಾರನ ಲೆಕ್ಕದಲ್ಲಿ ಕಳೆಯುವ ಪತ್ರ) ಹಳೆಯ ದರದಲ್ಲೇ ಆಗಬೇಕು. ಆ ಹಳೆಯ ದರ ತಂತ್ರಾಂಶದಲ್ಲಿ ಎಲ್ಲಿಯೂ ಉಳಿದಿಲ್ಲ.

ನಾಲ್ಕಾರು ವರ್ಷ ಲೆಕ್ಕ ಬರೆದು ಪಳಗಿದವರು ಇಂತಹ ತಪ್ಪು ಮಾಡುವುದು ಕಡಿಮೆ. ದರ ಇಂದಲ್ಲ ನಾಳೆ ಬದಲಾಗುತ್ತದೆ, ಅದರ ಪಕ್ಕದಲ್ಲಿ 'ಯಾವ ದಿನಾಂಕದಿಂದ' ಎಂಬ ಇನ್ನೊಂದು ಕಾಲಂ ಇರಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗಿದ್ದೂ ಅವರನ್ನು ನಾವು ಕರೆಯುವುದು 'ತಾಂತ್ರಿಕ ಹಿನ್ನೆಲೆ ಇಲ್ಲದವರು' ಎಂದೇ.

ವೃತ್ತಿ ಬದಲಿಸಿ ವೆಬ್ ಡೆವಲಪ್‌ಮೆಂಟ್‌ಗೆ ಬರಬೇಕೆನ್ನುವವರಲ್ಲಿ ಶಿಕ್ಷಕರಿದ್ದಾರೆ, ಹೋಟೆಲ್ ಉದ್ಯೋಗಿಗಳಿದ್ದಾರೆ, ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ಮತ್ತೆ ಕೆಲಸ ಹುಡುಕುವ ತಾಯಂದಿರಿದ್ದಾರೆ. ಎಲ್ಲರ ಬಗ್ಗೆ ಒಟ್ಟಿಗೆ ಬರೆದರೆ ಯಾರ ಬಗ್ಗೆಯೂ ಬರೆದಂತಾಗುವುದಿಲ್ಲ. ಹಾಗಾಗಿ ಒಬ್ಬರನ್ನೇ ಹಿಡಿದುಕೊಳ್ಳುತ್ತೇನೆ: ಬಿ.ಕಾಂ. ಮುಗಿಸಿ, ಲೆಕ್ಕದ ತಂತ್ರಾಂಶವಾದ ಟ್ಯಾಲಿ ಕಲಿತು, ಲೆಕ್ಕಪರಿಶೋಧಕರ ಕಚೇರಿಯಲ್ಲೋ ಸಣ್ಣ ಕಾರ್ಖಾನೆಯಲ್ಲೋ ಲೆಕ್ಕ ನೋಡಿಕೊಳ್ಳುತ್ತಿರುವ, ಮೂವತ್ತರ ಆಸುಪಾಸಿನ ಒಬ್ಬರು. ನಮ್ಮ ರಾಜ್ಯದ ಯಾವ ಊರಿನಲ್ಲಾದರೂ ಇಂತಹವರು ಸಿಗುತ್ತಾರೆ.

ಪುಟದ ಹಿಂದೆ ಏನಿದೆ

ಬ್ರೌಸರ್‌ನಲ್ಲಿ ಒಂದು ಬಿಲ್ ತೆರೆದಿದೆ ಎಂದುಕೊಳ್ಳೋಣ. ಮೇಲೆ ಅಂಗಡಿಯ ಹೆಸರು, ನಡುವೆ ಸರಕುಗಳ ಪಟ್ಟಿ, ಕೆಳಗೆ ಒಟ್ಟು ಮೊತ್ತ. ಇದು ಶೀರ್ಷಿಕೆ, ಇದು ಪಟ್ಟಿ, ಇದು ಗುಂಡಿ ಎಂದು ಬ್ರೌಸರ್‌ಗೆ ತಿಳಿಸುವುದು ಎಚ್‌ಟಿಎಂಎಲ್. ಅಕ್ಷರದ ಗಾತ್ರ, ಬಣ್ಣ, ಮೊಬೈಲ್ ಪರದೆಯಲ್ಲಿ ಪಟ್ಟಿ ಹೇಗೆ ಮಡಚಿಕೊಳ್ಳಬೇಕು ಎಂಬುದೆಲ್ಲ ಸಿಎಸ್‌ಎಸ್‌ನ ಕೆಲಸ. ಪರಿಮಾಣದ ಜಾಗದಲ್ಲಿ 2ನ್ನು ಅಳಿಸಿ 3 ಎಂದು ಬರೆದ ತಕ್ಷಣ ಕೆಳಗಿನ ಮೊತ್ತ ಬದಲಾಯಿತಲ್ಲ, ಅದನ್ನು ಮಾಡಿದ್ದು ಜಾವಾಸ್ಕ್ರಿಪ್ಟ್. ಕಣ್ಣಿಗೆ ಕಾಣುವ ಈ ಮೂರನ್ನೂ ಸೇರಿಸಿ ಫ್ರಂಟ್ ಎಂಡ್ ಎನ್ನುತ್ತಾರೆ.

ಕಾಣದ ಭಾಗ ಬ್ಯಾಕ್ ಎಂಡ್. ಎಲ್ಲೋ ದೂರದ ಯಂತ್ರವೊಂದರಲ್ಲಿ (ಇದೇ ಸರ್ವರ್) ಓಡುತ್ತಿರುವ ಪ್ರೋಗ್ರಾಂ ಬ್ರೌಸರ್‌ನ ಕೋರಿಕೆಯನ್ನು ಪಡೆದು, ಡೇಟಾಬೇಸ್‌ನಿಂದ ಮಾಹಿತಿ ತೆಗೆದು, ಉತ್ತರ ಕಳುಹಿಸುತ್ತದೆ. ಹೊಸಬರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಬ್ರೌಸರ್ ಈಗಾಗಲೇ ಒಟ್ಟು ಮೊತ್ತ ಲೆಕ್ಕ ಹಾಕಿದೆಯಲ್ಲ, ಸರ್ವರ್ ಮತ್ತೇಕೆ ಹಾಕಬೇಕು? ಏಕೆಂದರೆ ಬ್ರೌಸರ್ ಇರುವುದು ಗ್ರಾಹಕನ ಕೈಯಲ್ಲಿ. ಸ್ವಲ್ಪ ತಿಳಿದವರು ಯಾರಾದರೂ ತಮ್ಮ ಪರದೆಯ ಮೇಲಿನ 5,000ವನ್ನು 50 ಮಾಡಿ ಕಳುಹಿಸಬಹುದು. ಆದ್ದರಿಂದ ಹೊರಗಿನಿಂದ ಬಂದ ಯಾವ ಅಂಕಿಯನ್ನೂ ಸರ್ವರ್ ನಂಬಬಾರದು. ವೋಚರ್ ಇಲ್ಲದೆ ಖರ್ಚು ಬರೆಯದವರಿಗೆ ಈ ಸಂಶಯ ಸ್ವಭಾವವೇ ಆಗಿರುತ್ತದೆ.

ಡೇಟಾಬೇಸ್‌ಗೆ ಬಂದರೆ ಲೆಕ್ಕದವರಿಗೆ ಇನ್ನೂ ಪರಿಚಿತ ಪ್ರದೇಶ. ಗ್ರಾಹಕರದ್ದು ಒಂದು ಕೋಷ್ಟಕ, ಸರಕಿನದ್ದು ಒಂದು, ಬಿಲ್‌ನದ್ದು ಒಂದು, ಬಿಲ್‌ನ ಒಳಗಿನ ಸಾಲುಗಳದ್ದು ಇನ್ನೊಂದು. ಪ್ರತಿ ಬಿಲ್‌ನಲ್ಲೂ ಗ್ರಾಹಕನ ವಿಳಾಸವನ್ನು ಮತ್ತೆ ಮತ್ತೆ ಬರೆಯದೆ ಅವನ ಸಂಖ್ಯೆಯನ್ನಷ್ಟೇ ನಮೂದಿಸುವುದು ಸಾಮಾನ್ಯ ಪದ್ಧತಿ. ಆದರೆ ಗ್ರಾಹಕ ನಾಳೆ ಮನೆ ಬದಲಿಸಿದರೆ ಹಳೆಯ ಬಿಲ್‌ನ ವಿಳಾಸವೂ ಬದಲಾಗಬೇಕೇ? ಆಗಬಾರದು, ಬಿಲ್ ಎಂಬುದು ಆ ದಿನದ ದಾಖಲೆ. ಪಠ್ಯಪುಸ್ತಕದ ನಿಯಮವನ್ನು ಎಲ್ಲಿ ಮುರಿಯಬೇಕು ಎಂದು ಹೇಳುವುದು ವ್ಯವಹಾರದ ಜ್ಞಾನ. ಟ್ರಾನ್ಸಾಕ್ಷನ್ ಎಂಬ ಪರಿಕಲ್ಪನೆಯೂ ಹಾಗೆಯೇ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರಿಸುವಾಗ ನಡುವೆ ವಿದ್ಯುತ್ ಹೋದರೆ ಎರಡೂ ನಡೆದಿರಬೇಕು, ಇಲ್ಲವೇ ಎರಡೂ ನಡೆದಿರಬಾರದು. ಡೆಬಿಟ್ ಬರೆದು ಕ್ರೆಡಿಟ್ ಬಿಟ್ಟರೆ ಏನಾಗುತ್ತದೆ ಎಂದು ಬಿ.ಕಾಂ. ಮೊದಲ ವರ್ಷದಲ್ಲೇ ತಿಳಿದಿರುತ್ತದೆ.

ಇನ್ನೊಂದು ಸಾಧನ ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಕೋಡ್‌ನಲ್ಲಿ ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬುದನ್ನೆಲ್ಲ ದಾಖಲಿಸುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ (ಪ್ರತಿ ತಿದ್ದುಪಡಿಯ ದಾಖಲೆ) ಕಡ್ಡಾಯವಾದಾಗ ಗೊಣಗಿಕೊಂಡೇ ಅದನ್ನು ಅಳವಡಿಸಿಕೊಂಡ ಲೆಕ್ಕಿಗರಿಗೆ ಗಿಟ್‌ನ ಉದ್ದೇಶವನ್ನು ವಿವರಿಸಬೇಕಿಲ್ಲ. ಆಜ್ಞೆಗಳು ಮಾತ್ರ ಕೆಲವು ವಾರ ಕಾಡುತ್ತವೆ.

ಕಷ್ಟ ಇರುವ ಜಾಗ

ಗಣಿತದ ಭಯ ಹಲವರನ್ನು ಮೊದಲೇ ಹಿಂದಕ್ಕೆ ಎಳೆಯುತ್ತದೆ. ಸಾಮಾನ್ಯ ವೆಬ್ ಕೆಲಸಕ್ಕೆ ಬೇಕಾಗುವ ಗಣಿತ ಶೇಕಡಾವಾರು ಲೆಕ್ಕ ಮತ್ತು 'ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ' ಎಂಬ ತರ್ಕ, ಕ್ಯಾಲ್ಕುಲಸ್ ಅಲ್ಲ. ಇಂಗ್ಲಿಷಿನ ಭಯಕ್ಕೆ ಮಾತ್ರ ಸ್ವಲ್ಪ ಆಧಾರವಿದೆ. ಮಾತನಾಡುವ ಇಂಗ್ಲಿಷ್ ನಿಧಾನವಾಗಿ ಬಂದರೂ ನಡೆಯುತ್ತದೆ, ಓದುವ ಇಂಗ್ಲಿಷ್ ಬೇಕೇ ಬೇಕು. ಸಾಧನಗಳ ಬಳಕೆಯನ್ನು ವಿವರಿಸುವ ದಾಖಲಾತಿ, ದೋಷದ ಸಂದೇಶ ಎಲ್ಲವೂ ಆ ಭಾಷೆಯಲ್ಲೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ವೆಬ್ ಕಲಿಕೆಯ ಜೊತೆಗೆ ಇದಕ್ಕೂ ಸಮಯ ತೆಗೆದಿಡಬೇಕು. ಇದನ್ನು ಮುಚ್ಚಿಟ್ಟು ಧೈರ್ಯ ತುಂಬುವುದು ಉಪಕಾರವಲ್ಲ.

ನಿಜವಾದ ಕಷ್ಟ ಬೇರೆ ಕಡೆ ಇದೆ. ವೀಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಬೋಧಕ ಬರೆದಂತೆಯೇ ಬರೆದರೆ ಪುಟ ಕೆಲಸ ಮಾಡುತ್ತದೆ. ಮರುದಿನ ಖಾಲಿ ಕಡತ ತೆರೆದರೆ ಮೊದಲ ಸಾಲೇ ಹೊಳೆಯುವುದಿಲ್ಲ. ಇನ್ನೊಬ್ಬರು ಬಿಡಿಸಿದ್ದನ್ನು ಗುರುತಿಸುವುದಕ್ಕೂ ತಾನೇ ಬಿಡಿಸುವುದಕ್ಕೂ ಅಂತರ ದೊಡ್ಡದು. ಈ ಹಂತದಲ್ಲಿ ಹಲವರು ಇನ್ನೊಂದು ಕೋರ್ಸ್ ಕೊಳ್ಳುತ್ತಾರೆ. ಅದರ ಮೊದಲ ಭಾಗ ಮತ್ತೆ ಅರ್ಥವಾಗುತ್ತದೆ, ಸಮಾಧಾನವಾಗುತ್ತದೆ, ಹೀಗೆ ವರ್ಷ ಕಳೆಯುತ್ತದೆ.

ಇಲ್ಲಿಂದ ಹೊರಬರುವ ದಾರಿ ದೋಷ ಹುಡುಕುವುದನ್ನು ಕಲಿಯುವುದು. ಒಂದು ಸಣ್ಣ ಉದಾಹರಣೆ ನೋಡಿ. ಬೆಲೆಯ ಜಾಗದಲ್ಲಿ 100, ತೆರಿಗೆಯ ಜಾಗದಲ್ಲಿ 18 ತುಂಬಿ, ಎರಡನ್ನೂ ಕೂಡಿಸುವ ಗುಂಡಿ ಒತ್ತಿದಿರಿ. ಪರದೆಯ ಮೇಲೆ 118ರ ಬದಲು 10018 ಬಂತು. ಕೆಂಪು ಅಕ್ಷರದ ಎಚ್ಚರಿಕೆಯೂ ಇಲ್ಲ. ಆಗಿದ್ದೇನು? ಅರ್ಜಿಯಲ್ಲಿ ತುಂಬಿದ್ದನ್ನು ಬ್ರೌಸರ್ ಸಂಖ್ಯೆಯಾಗಿ ಅಲ್ಲ, ಅಕ್ಷರಗಳ ಸಾಲಾಗಿ ಕೊಡುತ್ತದೆ. ಅಕ್ಷರಗಳ ನಡುವೆ ಕೂಡುವ ಚಿಹ್ನೆ ಇಟ್ಟರೆ ಜಾವಾಸ್ಕ್ರಿಪ್ಟ್ ಅವುಗಳನ್ನು ಅಕ್ಕಪಕ್ಕ ಜೋಡಿಸುತ್ತದೆ. ಮೊದಲು ಸಂಖ್ಯೆಗೆ ಬದಲಾಯಿಸಿ, ಆಮೇಲೆ ಕೂಡಿಸಬೇಕು. ಉತ್ತರ ತಿಳಿದ ಮೇಲೆ ಇದು ಒಂದು ಸಾಲಿನ ತಿದ್ದುಪಡಿ. ಅಲ್ಲಿಗೆ ತಲುಪಲು ಮಾತ್ರ ಒಂದು ಕ್ರಮ ಬೇಕು: ಬೆಲೆ ಎಲ್ಲಿಂದ ಬಂತು, ಬಂದಾಗ ಹೇಗಿತ್ತು, ಕೂಡಿಸುವ ಮೊದಲು ಹೇಗಿತ್ತು ಎಂದು ಪ್ರತಿ ಮೆಟ್ಟಿಲಿನಲ್ಲೂ ಪರದೆಯ ಮೇಲೆ ಮುದ್ರಿಸಿ ನೋಡುವುದು.

ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತಗಳ ತಾಳೆಪಟ್ಟಿ, ಹೊಂದದಿದ್ದಾಗ ಅನುಭವಿ ಲೆಕ್ಕಿಗರು ಮಾಡುವುದೂ ಇದನ್ನೇ. ವ್ಯತ್ಯಾಸ 900 ಬಂದರೆ ಅದು 9ರಿಂದ ಭಾಗವಾಗುತ್ತದೆ; ಹಾಗಾದರೆ ಎಲ್ಲೋ 5,400 ಎನ್ನುವುದನ್ನು 4,500 ಎಂದು ಅಂಕಿ ತಿರುವಿ ಬರೆದಿರಬಹುದು. ಅಲ್ಲೂ ಸಿಗದಿದ್ದರೆ ವ್ಯತ್ಯಾಸದ ಅರ್ಧ, ಅಂದರೆ 450ರ ನಮೂದನ್ನು ಹುಡುಕುತ್ತಾರೆ. ಅದು ತಪ್ಪು ಬದಿಗೆ ಬಿದ್ದಿರಬಹುದು. ಇಡೀ ಪುಸ್ತಕವನ್ನು ಮೊದಲಿನಿಂದ ಓದುವ ಬದಲು, ತಪ್ಪಿನ ಆಕಾರ ನೋಡಿ ಅದರ ಜಾಗವನ್ನು ಊಹಿಸುವ ವಿದ್ಯೆ ಇದು. ಇದೇ ತಾಳ್ಮೆಯಿಂದ ಕೋಡ್ ನೋಡಲು ಬಂದರೆ ಅರ್ಧ ದಾರಿ ಮುಗಿಯಿತು.

ಜಾವಾಸ್ಕ್ರಿಪ್ಟ್‌ನ ಇನ್ನೊಂದು ವಿಚಿತ್ರವನ್ನು ಹಣದ ಲೆಕ್ಕ ಮಾಡುವವರು ಮೊದಲೇ ತಿಳಿದಿರಬೇಕು. 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಎನ್ನುತ್ತದೆ. ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ 10 ದಿನಗಳಲ್ಲಿ ಬರೆದದ್ದು ನಿಜ. ಆದರೆ ಈ ದೋಷಕ್ಕೆ ಆ ಅವಸರ ಕಾರಣವಲ್ಲ. ಹತ್ತರಲ್ಲಿ ಒಂದು ಭಾಗವನ್ನು ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಬರೆಯಲು ಆಗುವುದಿಲ್ಲ, ಬೇರೆ ಎಷ್ಟೋ ಭಾಷೆಗಳಲ್ಲೂ ಇದೇ ಕಥೆ. ಹಣವನ್ನು ರೂಪಾಯಿಯ ದಶಮಾಂಶದಲ್ಲಿ ಇಡದೆ ಪೂರ್ಣ ಪೈಸೆಗಳಲ್ಲಿ ಇಡುವುದು ಒಂದು ಪರಿಹಾರ. ಬಿಲ್‌ನಲ್ಲಿ ಒಂದು ಪೈಸೆ ಹೊಂದದಿದ್ದರೂ ನಿದ್ದೆ ಬಾರದವರು ಈ ಪರಿಹಾರವನ್ನು ತಾವಾಗಿಯೇ ಹುಡುಕಿಕೊಂಡಾರು.

ಕಲಿಯಲು ದುಡ್ಡು ಸುರಿಯಬೇಕಿಲ್ಲ. ಮೊಜಿಲ್ಲಾದ ಎಂಡಿಎನ್ ದಾಖಲಾತಿ, ಫ್ರೀಕೋಡ್‌ಕ್ಯಾಂಪ್, ಓಡಿನ್ ಪ್ರಾಜೆಕ್ಟ್ ಎಲ್ಲವೂ ಉಚಿತ. 2014ರಲ್ಲಿ ಫ್ರೀಕೋಡ್‌ಕ್ಯಾಂಪ್ ಆರಂಭಿಸಿದ ಕ್ವಿನ್ಸಿ ಲಾರ್ಸನ್ ಸ್ವತಃ ಶಾಲೆಯ ಕೆಲಸದಿಂದ ಕೋಡಿಂಗ್‌ಗೆ ಬಂದವರು. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನೂ ಉಚಿತವಾಗಿ ನೋಡಬಹುದು, ಪ್ರಮಾಣಪತ್ರಕ್ಕೆ ಪರೀಕ್ಷಾ ಶುಲ್ಕ ಕಟ್ಟಬೇಕು. ಕ್ರಮ ಮುಖ್ಯ: ಎಚ್‌ಟಿಎಂಎಲ್, ಸಿಎಸ್‌ಎಸ್, ಆಮೇಲೆ ಬರಿಯ ಜಾವಾಸ್ಕ್ರಿಪ್ಟ್ ಬಹಳ ದಿನ, ಅದರ ಜೊತೆಗೆ ಗಿಟ್ ಮತ್ತು ಡೇಟಾಬೇಸ್‌ನೊಂದಿಗೆ ಮಾತನಾಡುವ ಭಾಷೆಯಾದ ಎಸ್‌ಕ್ಯೂಎಲ್. ಫೇಸ್‌ಬುಕ್ 2013ರಲ್ಲಿ ಬಿಡುಗಡೆ ಮಾಡಿದ, ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಸಾಧನವಾದ ರಿಯಾಕ್ಟ್ ಎಲ್ಲ ಜಾಹೀರಾತುಗಳಲ್ಲೂ ಕಾಣುವುದರಿಂದ ನೇರವಾಗಿ ಅದಕ್ಕೇ ಜಿಗಿಯುವ ಆಸೆ ಹುಟ್ಟುತ್ತದೆ. ಜಾವಾಸ್ಕ್ರಿಪ್ಟ್ ಗಟ್ಟಿಯಾಗದೆ ಅಲ್ಲಿಗೆ ಹೋದವರು ಪ್ರತಿ ದೋಷಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ.

ಮೊದಲ ಪ್ರೋಗ್ರಾಂ ಬರೆಯಲು ಈಗಿನ ಕಚೇರಿಯೇ ಒಳ್ಳೆಯ ಜಾಗ. ಗೂಗಲ್ ಶೀಟ್ಸ್‌ನ ಒಳಗಿರುವ ಆಪ್ಸ್ ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟೇ. ಯಾರಿಂದ ಹಣ ಬಾಕಿ ಇದೆಯೋ ಅವರಿಗೆ ತಿಂಗಳ ಮೊದಲ ದಿನ ತಾನಾಗಿಯೇ ಇಮೇಲ್ ಹೋಗುವಂತೆ ಮಾಡಿ ನೋಡಿ. ಬಳಸುವವರು ಇದ್ದಾರೆ, ತಪ್ಪಾದರೆ ಕೂಡಲೇ ಹೇಳುತ್ತಾರೆ. ಯಾವ ಕೋರ್ಸಿನಲ್ಲೂ ಇಷ್ಟು ಒಳ್ಳೆಯ ಪಾಠ ಸಿಗದು. ಒಂದೇ ಎಚ್ಚರಿಕೆ: ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ, ಗ್ರಾಹಕರ ಹೆಸರು, ಪ್ಯಾನ್, ಮೊತ್ತ ಇತ್ಯಾದಿ ನಿಜವಾದ ಮಾಹಿತಿಯನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಬೇಡಿ.

ಮುಂಬಾಗಿಲು ಮುಚ್ಚಿರುವಾಗ

ನಮ್ಮ ದೇಶದ ದೊಡ್ಡ ಐಟಿ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಮುಖ್ಯವಾಗಿ ಕ್ಯಾಂಪಸ್ ನೇಮಕಾತಿಯಲ್ಲಿ. ಎಂಜಿನಿಯರಿಂಗ್, ಬಿಸಿಎ, ಬಿ.ಎಸ್ಸಿ. ಪದವಿ, ಇಂತಹ ವರ್ಷದಲ್ಲೇ ಪಾಸಾಗಿರಬೇಕು, ಹತ್ತನೆಯ ತರಗತಿಯಿಂದ ಶೇ 60 ಇರಬೇಕು ಎಂಬ ಜರಡಿಗಳು ಅಲ್ಲಿ ಸಾಮಾನ್ಯ. ಎಂಟು ವರ್ಷದ ಹಿಂದೆ ಬಿ.ಕಾಂ. ಮುಗಿಸಿದವರ ಅರ್ಜಿಯನ್ನು ಬಹುಶಃ ಮನುಷ್ಯರು ನೋಡುವುದೂ ಇಲ್ಲ. ಮೇಲಾಗಿ ಆ ಬಾಗಿಲೇ ಈಚೆಗೆ ಕಿರಿದಾಗಿದೆ. 2023–24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರಲ್ಲೂ ನೌಕರರ ಸಂಖ್ಯೆ ಇಳಿಯಿತು. ಒಟ್ಟು ಇಳಿಕೆ 60,000ಕ್ಕೂ ಹೆಚ್ಚು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು ಕಡಿತ ಮಾಡುವುದಾಗಿ ಪ್ರಕಟಿಸಿತು.

ಹಾಗಾಗಿ ದೊಡ್ಡ ಹೆಸರುಗಳಿಗೆ ನೂರಾರು ಅರ್ಜಿ ಹಾಕುವುದು ನನ್ನ ಪ್ರಕಾರ ಸಮಯ ವ್ಯರ್ಥ. ಲೆಕ್ಕದವರು ನೋಡಬೇಕಾದದ್ದು ಲೆಕ್ಕವನ್ನೇ ಉತ್ಪನ್ನವಾಗಿಸಿಕೊಂಡ ಕಂಪನಿಗಳನ್ನು. ಟ್ಯಾಲಿ ಬೆಂಗಳೂರಿನದ್ದೇ. ತೆರಿಗೆಯ ಕ್ಲಿಯರ್‌ಟ್ಯಾಕ್ಸ್, ಆನ್‌ಲೈನ್ ಪಾವತಿಯ ರೇಜರ್‌ಪೇ, ಷೇರು ವಹಿವಾಟಿನ ಜಿರೋಧಾ ಕೂಡ ಈ ಊರಿನಲ್ಲೇ ಬೆಳೆದವು. ಈ ರಂಗದಲ್ಲಿ ಡೆವಲಪರ್ ಹುದ್ದೆ ಕೂಡಲೇ ಸಿಗದಿದ್ದರೂ ಗ್ರಾಹಕ ಬೆಂಬಲ, ಟೆಸ್ಟಿಂಗ್, ತಂತ್ರಾಂಶವನ್ನು ಗ್ರಾಹಕರ ಕಚೇರಿಯಲ್ಲಿ ಅಳವಡಿಸುವ ಕೆಲಸಗಳಿಗೆ ಜಿಎಸ್‌ಟಿ ತಿಳಿದವರು ಬೇಕಾಗುತ್ತಾರೆ. ಒಳಗೆ ಹೋದ ಮೇಲೆ ಡೆವಲಪರ್ ತಂಡಕ್ಕೆ ದಾಟುವುದು ಹೊರಗಿನಿಂದ ಜಿಗಿಯುವುದಕ್ಕಿಂತ ಸುಲಭ.

ಇನ್ನೊಂದು ದಾರಿಯ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಎಂಬ, ವ್ಯವಹಾರ ನಿರ್ವಹಣೆಯ ಮುಕ್ತ ತಂತ್ರಾಂಶವಿದೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಅದರ ಕೋಡ್ ಪೂರ್ತಿ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ಓದಬಹುದು. ಖರೀದಿ, ದಾಸ್ತಾನು, ಲೆಡ್ಜರ್ ಎಲ್ಲವೂ ಕೋಡ್ ಆಗಿ ಹೇಗೆ ರೂಪ ತಾಳುತ್ತವೆ ಎಂದು ಅಲ್ಲಿ ಕಾಣುತ್ತದೆ. ಸಣ್ಣ ಕಾರ್ಖಾನೆಗಳಿಗೆ ಇದನ್ನು ಅಳವಡಿಸಿಕೊಡುವ ಚಿಕ್ಕ ಸಂಸ್ಥೆಗಳಲ್ಲಿ ಲೆಕ್ಕವೂ ಕೋಡೂ ಎರಡೂ ಬರುವ ಒಬ್ಬರು, ಒಂದೊಂದು ಮಾತ್ರ ಬರುವ ಇಬ್ಬರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಎಐ ಬರೆದುಕೊಡುವ ಕಾಲದಲ್ಲಿ

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ 'ಇನ್ನು ಕೋಡಿಂಗ್ ಕಲಿಯಬೇಕೇ' ಎಂಬ ಪ್ರಶ್ನೆ ಸಹಜ. ಪ್ರಾಮಾಣಿಕ ಉತ್ತರ: ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳು, ಅಂದರೆ ಒಂದು ಅರ್ಜಿ ನಮೂನೆ ಮಾಡು, ಈ ಪಟ್ಟಿಗೆ ಹುಡುಕುವ ಪೆಟ್ಟಿಗೆ ಸೇರಿಸು ಎಂಬಂಥವು, ಈಗ ಯಂತ್ರಕ್ಕೆ ಹೋಗುತ್ತಿವೆ. ಬರಿಯ ಟೈಪಿಂಗ್‌ನ ಬೆಲೆ ಇಳಿದಿದೆ. ಬಂದ ಉತ್ತರ ಸರಿಯೇ ಎಂದು ಹೇಳಬಲ್ಲವರ ಬೆಲೆ ಇಳಿದಿಲ್ಲ.

ಬೆಂಗಳೂರಿನ ಮಾರಾಟಗಾರ, ಬೆಂಗಳೂರಿನ ಖರೀದಿದಾರ. ಆದರೆ ಆ ಖರೀದಿದಾರ ಸರಕನ್ನು ನೇರವಾಗಿ ಹೊಸೂರಿನ ತನ್ನ ಗ್ರಾಹಕನಿಗೆ ಕಳುಹಿಸಿ ಎನ್ನುತ್ತಾನೆ. ಮೊದಲ ಬಿಲ್‌ಗೆ ಯಾವ ತೆರಿಗೆ? ಸರಕು ತಮಿಳುನಾಡಿಗೆ ಹೋಗುತ್ತಿದೆ, ಆದ್ದರಿಂದ ಅಂತರರಾಜ್ಯ ಎಂದುಕೊಂಡು ಐಜಿಎಸ್‌ಟಿ ಹಾಕುವ ಕೋಡನ್ನು ಮನುಷ್ಯರೂ ಬರೆಯಬಲ್ಲರು, ಯಂತ್ರವೂ ಬರೆಯಬಲ್ಲದು. ನೋಡಲು ಅದು ಅಚ್ಚುಕಟ್ಟಾಗಿರುತ್ತದೆ, ದೋಷ ಸಂದೇಶವಿಲ್ಲದೆ ಓಡುತ್ತದೆ. ಆದರೆ ಐಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಇಲ್ಲಿ ಸರಬರಾಜಿನ ಸ್ಥಳ ಎಂದರೆ ಕಳುಹಿಸಲು ಹೇಳಿದವನ ವ್ಯವಹಾರದ ಮುಖ್ಯ ಸ್ಥಳ, ಅಂದರೆ ಬೆಂಗಳೂರು. ಬೀಳಬೇಕಾದದ್ದು ರಾಜ್ಯದೊಳಗಿನ ಮಾರಾಟದ ತೆರಿಗೆಗಳಾದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ತಲುಪಿಸುವ ವಿಳಾಸ ನೋಡುವ ಬದಲು ಬಿಲ್ ಯಾರ ಹೆಸರಿಗಿದೆಯೋ ಅವರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ಕೋಡ್ ನೋಡಬೇಕಿತ್ತು, ಕರ್ನಾಟಕದ್ದು 29. ಇದನ್ನು ಹಿಡಿಯುವವರು ಲೆಕ್ಕ ಬಲ್ಲವರು. ಕೋಡ್ ಓದಲು ಬಾರದಿದ್ದರೆ ಅವರಿಗೂ ಹಿಡಿಯಲಾಗದು.

ಕಲಿಯುವ ಹಂತದಲ್ಲಿ ಮಾತ್ರ ಎಐಯಿಂದ ಕೋಡ್ ಬರೆಸಬೇಡಿ. ಬರೆದದ್ದನ್ನು ವಿವರಿಸಲು, ಪ್ರಶ್ನೆ ಕೇಳಲು ಬಳಸಿ.

ಸಂಬಳ, ಸಾಲ, ಸುಳ್ಳು ಅನುಭವ

ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ಇದೆ. ಚಿಕ್ಕ ಸಂಸ್ಥೆಗಳಲ್ಲಿ ಇನ್ನೂ ಕಡಿಮೆ ಇರಬಹುದು. ಆರೇಳು ವರ್ಷ ಲೆಕ್ಕದಲ್ಲಿ ಕೆಲಸ ಮಾಡಿದವರು ಇಷ್ಟನ್ನೋ ಇದಕ್ಕಿಂತ ಹೆಚ್ಚನ್ನೋ ಈಗಾಗಲೇ ಪಡೆಯುತ್ತಿರಬಹುದು. ಅಂದರೆ ವೃತ್ತಿ ಬದಲಾವಣೆ ಮೊದಲ ವರ್ಷ ಸಂಬಳ ಇಳಿಸುವ ಸಾಧ್ಯತೆಯೇ ಹೆಚ್ಚು. ಸಂಜೆ ಎರಡು ಗಂಟೆ, ವಾರಾಂತ್ಯದಲ್ಲಿ ಇನ್ನಷ್ಟು ಎಂದು ಕೆಲಸದ ಜೊತೆಗೇ ಕಲಿಯುವವರಿಗೆ ಒಂದು ವರ್ಷ ಸಾಲದೆ ಹೋದರೆ ಆಶ್ಚರ್ಯವಿಲ್ಲ. 'ಮೂರು ತಿಂಗಳಲ್ಲಿ ಫುಲ್ ಸ್ಟ್ಯಾಕ್ ಡೆವಲಪರ್' (ಫ್ರಂಟ್ ಎಂಡ್, ಬ್ಯಾಕ್ ಎಂಡ್ ಎರಡೂ ಬಲ್ಲವರು) ಎಂಬ ಫಲಕಗಳು ಬೆಂಗಳೂರಿನ ಬೀದಿಗಳಲ್ಲಿ ಕಾಣುತ್ತವೆ. ಮೂರು ತಿಂಗಳಲ್ಲಿ ಪಾಠ ಮುಗಿಯುತ್ತದೆ, ಅಷ್ಟೆ.

'ಉದ್ಯೋಗ ಖಾತರಿ' ಎಂದು ಬರೆದ ಕೋರ್ಸ್ ಸೇರುವ ಮೊದಲು ಕರಾರಿನ ಸಣ್ಣಕ್ಷರ ಓದಿ. ಖಾತರಿ ಯಾವ ಷರತ್ತಿಗೆ ಒಳಪಟ್ಟಿದೆ, ಎಷ್ಟು ಹಾಜರಾತಿ ಇರಬೇಕು, ಯಾವ ಸಂಬಳದ ಕೆಲಸವನ್ನೂ ನಿರಾಕರಿಸಬಾರದೇ ಎಂಬುದೆಲ್ಲ ಅಲ್ಲಿರುತ್ತದೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು ಎಂದರೆ, ಅದು ಸಂಸ್ಥೆ ಕೊಡುವ ವಿನಾಯಿತಿಯೋ ಅಥವಾ ಹಣಕಾಸು ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಡುವ ಸಾಲವೋ ಎಂದು ಕೇಳಿ. ಸಾಲವಾದರೆ, ಕೋರ್ಸ್ ನಡುವೆ ಬಿಟ್ಟರೂ ಕಂತು ನಿಲ್ಲದಿರಬಹುದು. ಲೆಕ್ಕ ಬಲ್ಲವರೇ ಇದನ್ನು ಓದದೆ ಸಹಿ ಹಾಕುತ್ತಾರೆ ಎಂಬುದು ವಿಪರ್ಯಾಸ.

ಇದಕ್ಕಿಂತ ಅಪಾಯಕಾರಿಯಾದದ್ದು 'ಎರಡು ವರ್ಷದ ಅನುಭವ ಹಾಕಿಕೊಡುತ್ತೇವೆ' ಎನ್ನುವ ದಲ್ಲಾಳಿಗಳು. ಇಲ್ಲದ ಕಂಪನಿಯ ಹೆಸರಿನಲ್ಲಿ ಅನುಭವ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ತಯಾರಿಸಿಕೊಡುತ್ತಾರೆ. ಆದರೆ ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಯಾವ ಮಾಲೀಕರು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಹಣ ಕಟ್ಟಿದರು ಎಂಬ ಸಾಲುಗಳಿವೆ. ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ಸಂಬಳದ ಮೇಲೆ ಕಡಿತವಾದ ತೆರಿಗೆಯ ವಿವರವಿದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಇವನ್ನು ಕೇಳುತ್ತಾರೆ. ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗಬಹುದು.

ಆದ್ದರಿಂದ ರೆಸ್ಯೂಮೆಯಲ್ಲಿ ಲೆಕ್ಕದ ವರ್ಷಗಳನ್ನು ಲೆಕ್ಕದ ವರ್ಷಗಳೆಂದೇ ಬರೆಯಿರಿ. ಎಷ್ಟು ಕಂಪನಿಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದಿರಿ, ಯಾವ ತಂತ್ರಾಂಶ ಬಳಸಿದಿರಿ, ಅದರಲ್ಲಿ ಏನು ಕೊರತೆ ಕಂಡಿತು ಎಂಬುದನ್ನು ಸೇರಿಸಿ. ಅದರ ಕೆಳಗೆ ನೀವೇ ಮಾಡಿದ ಒಂದೇ ಒಂದು ಬಿಲ್ಲಿಂಗ್ ಆ್ಯಪ್‌ನ ಕೊಂಡಿ ಇರಲಿ: ದರದ ಪಕ್ಕ ದಿನಾಂಕವಿರುವ, ಕ್ರೆಡಿಟ್ ನೋಟ್ ಸರಿಯಾಗಿ ಮಾಡುವ, ಲಕ್ಷಕ್ಕೆ ಅಲ್ಪವಿರಾಮ ನಮ್ಮ ಪದ್ಧತಿಯಂತೆ ಹಾಕುವ ಆ್ಯಪ್. ನೆಟ್‌ಫ್ಲಿಕ್ಸ್‌ನ ನಕಲು ಪುಟವನ್ನು ಪ್ರತಿ ಅಭ್ಯರ್ಥಿಯೂ ತೋರಿಸುತ್ತಾನೆ. ಬಿಲ್ಲಿಂಗ್ ಕಂಪನಿಯ ಸಂದರ್ಶಕರಿಗೆ ನಿಮ್ಮ ಕ್ರೆಡಿಟ್ ನೋಟ್ ನೋಡಿದರೆ ಕೇಳಲು ಹತ್ತು ಪ್ರಶ್ನೆಗಳಿರುತ್ತವೆ, ಅವುಗಳಲ್ಲಿ ಬಹುಪಾಲಿಗೆ ನಿಮ್ಮ ಬಳಿ ಉತ್ತರವಿರುತ್ತದೆ.